ಆರು ಕಪ್ ಚಹಾದ ಸುದ್ದಿ

ಸ್ನೇಹಿತರೇ, ಪುಣೆಯ ಖರಾಡಿಯ ನಮ್ಮ ಆಫೀಸಿನಲ್ಲಿ ಇವತ್ತು ಗ್ರಾಹಕರ ಜೊತೆಗಿನ ಮೀಟಿಂಗೇ ಕೈತಪ್ಪುವುದರಲ್ಲಿತ್ತು. ಮೇಲ್ ಪ್ರಕಾರ ಅದು ಮೂರು ಗಂಟೆಗೆ, ಕ್ಯಾಲೆಂಡರ್ ಪ್ರಕಾರ ಎರಡಕ್ಕೆ. ವಾಟ್ಸಾಪ್‌ನ ಮೂರು ಗ್ರೂಪುಗಳಲ್ಲೂ ಎಲ್ಲರೂ ಹೆಬ್ಬೆರಳು ಎತ್ತಿದ್ದರು. ಯಾವ ಸಮಯಕ್ಕೆ ಎಂದು ಮಾತ್ರ ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಹನ್ನೊಂದಕ್ಕೆ ಹತ್ತು ನಿಮಿಷವಿರುವಾಗ ಚಹಾ ಮಾಡುವ ಶರಣಮ್ಮ ನನ್ನ ಮೇಜಿನ ಬಳಿ ಬಂದರು. ಕಲಬುರಗಿ ಕಡೆಯವರು, ನನ್ನೊಡನೆ ಮಾತ್ರ ಕನ್ನಡ.

"ಇನ್ನೂ ಇಲ್ಲೇ ಕುಂತೀರಲ್ರಿ! ಹನ್ನೊಂದಕ್ಕ ಮೀಟಿಂಗ್ ಅದ. ಸಾಹೇಬ್ರು ಆರು ಕಪ್ ಚಹಾ ಹೇಳ್ಯಾರ."

ಲ್ಯಾಪ್‌ಟಾಪ್ ಹಿಡಿದು ಓಡಿದೆವು. ಗ್ರಾಹಕರು ಆಗಲೇ ಬಂದು ಕೂತಿದ್ದರು.

ಮೀಟಿಂಗ್ ಮುಗಿದ ಮೇಲೆ ಮ್ಯಾನೇಜರ್ ಸಾಹೇಬರು ಶರಣಮ್ಮನವರನ್ನು ಹೊಗಳಿದ್ದೇ ಹೊಗಳಿದ್ದು. "ಇನ್ನು ಎಲ್ಲವೂ ಇದರಲ್ಲೇ ತಿಳಿಯುತ್ತದೆ, ಮೌಶಿ" ಎಂದು ಮರಾಠಿಯಲ್ಲಿ ಹೇಳಿ, ಮೂರೂ ಗ್ರೂಪುಗಳಿಗೆ ಅವರನ್ನು ಸೇರಿಸಿದರು.

ನಾಲ್ಕು ಗಂಟೆಗೆ ಚಹಾ ಬರಲಿಲ್ಲ. ಹೋಗಿ ನೋಡಿದರೆ ಶರಣಮ್ಮ ಕನ್ನಡಕ ಹಾಕಿಕೊಂಡು, ಫೋನ್ ಹಿಡಿದು ಕೂತಿದ್ದಾರೆ.

"ಸ್ವಲ್ಪ ತಡೀರಿ. ಎಲ್ಲಾರೂ ಹೆಬ್ಬೆಟ್ಟು ಒತ್ಯಾರ, ಚಹಾ ಬೇಕಂತೋ ಬ್ಯಾಡಂತೋ ತಿಳೀವಲ್ದು."

ಆಫೀಸಿನಲ್ಲಿ ನೆಟ್ಟಗೆ ನಡೆಯುತ್ತಿದ್ದದ್ದು ಅದೊಂದೇ. ಅದನ್ನೂ ಗ್ರೂಪಿಗೆ ಸೇರಿಸಿಬಿಟ್ಟೆವು.