ಹಳದಿ ಬಲ್ಬಿನ ಕೆಳಗೊಂದು ಕಾಮಾಲೆ

"ಮಗುವಿಗೆ ಕಾಮಾಲೆ ಉಂಟು."

ಹೀಗೆ ತೀರ್ಪು ಕೊಟ್ಟದ್ದು ಪುತ್ತೂರಿನಲ್ಲಿ ಕುಳಿತಿದ್ದ ನನ್ನ ಮಾವ, ಅಂದರೆ ಹೆಂಡತಿಯ ಅಪ್ಪ. ಮಗು ಇದ್ದದ್ದು ದುಬೈಯ ಕರಾಮದಲ್ಲಿ, ನನ್ನ ತೊಡೆಯ ಮೇಲೆ. ನಡುವೆ ಒಂದು ವಿಡಿಯೋ ಕಾಲ್. ಗಲ್ಫಿನ ಬಾಣಂತನ ಅಂದರೆ ಹೀಗೆಯೇ: ಅತ್ತೆ ವಿಸಿಟ್ ವೀಸಾದಲ್ಲಿ, ಮಾವ ಸ್ಕ್ರೀನಿನಲ್ಲಿ. (ಜಿನಸಿ ಅಂಗಡಿ ಬಿಟ್ಟು ಬರಲು ಅವರಿಗೆ ಮನಸ್ಸಿಲ್ಲ.)

ಇದಕ್ಕೆಲ್ಲ ಮೂಲ ನಾನೇ. ನಮ್ಮ ಬೆಡ್‌ರೂಮಿನ ಕಿಟಕಿ ತೆರೆದರೆ ಕಾಣುವುದು ಪಕ್ಕದ ಕಟ್ಟಡದ ಗೋಡೆ. ಹಗಲೂ ಲೈಟ್ ಬೇಕು. ಇದ್ದದ್ದು ಬೆಳ್ಳನೆಯ ಟ್ಯೂಬ್. ಬಂದ ದಿನವೇ ಅತ್ತೆ ಮುಖ ಸಿಂಡರಿಸಿದರು.

"ಇದೆಂತ ಲೈಟ್ ಮಾರಾಯ್ರೆ? ಆಪರೇಷನ್ ಥಿಯೇಟರಿನ ಹಾಗೆ ಉಂಟು. ಬಾಣಂತಿಗೆ ನಿದ್ದೆ ಬರುವುದು ಹೇಗೆ?"

ನಿಜವೇ. ಹೆಂಡತಿ ಶ್ವೇತಾ ಮಾತುಮಾತಿಗೆ ಸಿಡುಕುತ್ತಿದ್ದಳು. ಬಲ್ಬ್ ಕೊಳ್ಳುವಾಗ ನಾವು ನೋಡುವುದು ವ್ಯಾಟ್, ರೇಟ್. ಬೆಳಕಿನ ಬಣ್ಣವನ್ನು ಯಾರು ನೋಡುತ್ತಾರೆ? ಅದನ್ನೂ ಡಬ್ಬಿಯ ಮೇಲೆ ಕೆಲ್ವಿನ್ ಲೆಕ್ಕದಲ್ಲಿ ಬರೆದಿರುತ್ತಾರೆ. ಸಂಖ್ಯೆ ಕಡಿಮೆಯಾದಷ್ಟೂ ಹಳದಿ, ಹೆಚ್ಚಾದಷ್ಟೂ ಬಿಳಿ. ನಾನು ಕಡಿಮೆಯದ್ದನ್ನೇ ಹುಡುಕಿ ತಂದು, ಟ್ಯೂಬ್ ಆರಿಸಿ, ಅದನ್ನು ಹಾಕಿದೆ.

ರೂಮು ಬದಲಾಯಿತು. ಅತ್ತೆಯ ದನಿ ಇಳಿಯಿತು, ಶ್ವೇತಾ ನಿದ್ದೆ ಮಾಡಿದಳು. ನಾನು ಬೀಗಿದೆ.

ಮರುದಿನ ಸಂಜೆಯೇ ಮಾವನ ಕಾಲ್. "ಮಗುವಿನ ಮೈ ನೋಡು ಮಗಾ, ಅರಸಿನ ಹಚ್ಚಿದ ಹಾಗೆ ಕಾಣ್ತದೆ."

ನೋಡಿದೆವು. ಹೌದು, ಕೆನ್ನೆ ಹಳದಿ, ಅಂಗಾಲೂ ಹಳದಿ. ಅತ್ತೆ ಮಗುವನ್ನು ಕಿಟಕಿಯ ಬಳಿ ಒಯ್ದರು. "ಊರಲ್ಲಾದ್ರೆ ಬೆಳಿಗ್ಗೆ ಅಂಗಳದಲ್ಲಿ ಹಿಡಿದು ನೋಡ್ತಿದ್ದೆ. ಇಲ್ಲಿ ಎಲ್ಲಿ ನೋಡುವುದು?" ಶ್ವೇತಾ ಅಳುತ್ತಲೇ ಮಗುವನ್ನು ಬಟ್ಟೆಯಲ್ಲಿ ಸುತ್ತಿದಳು. ನನಗೂ ಭಯವಾಯಿತು, ಸುಳ್ಳೇಕೆ ಹೇಳಲಿ?

ಕ್ಲಿನಿಕ್ಕಿನ ಮಲಯಾಳಿ ಡಾಕ್ಟರಮ್ಮ ಮಗುವಿನ ಹಣೆಯನ್ನು ಬೆರಳಿನಿಂದ ಒತ್ತಿದರು, ಕಣ್ಣು ನೋಡಿದರು, ಚರ್ಮಕ್ಕೆ ಪುಟ್ಟ ಯಂತ್ರವೊಂದನ್ನು ತಾಗಿಸಿದರು. ಅಲ್ಲಿಯ ಬೆಳ್ಳನೆಯ ಬೆಳಕಿನಲ್ಲಿ ನಮ್ಮ ಮಗ ಟೊಮೆಟೋ ಹಣ್ಣಿನಷ್ಟು ಕೆಂಪಗಿದ್ದ.

"ಏನೂ ಇಲ್ಲ. ಮನೆಯಲ್ಲಿ ಯಾವ ಬಲ್ಬ್?" ಎಂದು ಇಂಗ್ಲಿಷಿನಲ್ಲಿ ಕೇಳಿದರು. ಹೇಳಿದೆ. ಅವರು ನಕ್ಕರು. ಸಂಶಯ ಬಂದಾಗ ಕರೆತಂದದ್ದು ಸರಿ, ಆದರೆ ಮೈಬಣ್ಣ ನೋಡುವುದು ಹಗಲು ಬೆಳಕಿನಲ್ಲಿ ಎಂದರು.

ಹೋದ ಜೀವ ಬಂದಂತಾಯಿತು. ದಾರಿಯಲ್ಲಿ ಮೂವರೂ ಇಲ್ಲಿಯ ಗಟ್ಟಿ ಹಾಲಿನ ಕರಕ್ ಚಾ ಕುಡಿದೆವು. (ಬಾಣಂತಿಗೆ ಹೊರಗಿನದ್ದು ಕೊಡಬಾರದೆಂಬ ಕಾನೂನನ್ನು ಅತ್ತೆಯೇ ಮರೆತರು.)

ಮನೆಗೆ ಬಂದು ಹಳದಿ ಬಲ್ಬ್ ಆರಿಸಿ, ಟ್ಯೂಬ್ ಹಾಕಿ, ಮಾವನಿಗೆ ಕಾಲ್ ಮಾಡಿದೆವು. ಅವರು ಕನ್ನಡಕ ಏರಿಸಿ ತುಂಬ ಹೊತ್ತು ನೋಡಿದರು.

"ಹಳದಿ ಹೋಯ್ತು. ಆದ್ರೆ ಈಗ ಬಿಳಿಚಿಕೊಂಡ ಹಾಗೆ ಕಾಣ್ತದೆ. ರಕ್ತ ಕಮ್ಮಿ ಉಂಟಾ?"

ಶ್ವೇತಾ ನಕ್ಕುಬಿಟ್ಟಳು. ಅತ್ತೆ ಫೋನ್ ಕಸಿದುಕೊಂಡರು. "ಅಂಗಡಿಗೆ ಬಾಗಿಲು ಹಾಕಿ ಒಮ್ಮೆ ಇಲ್ಲಿಗೆ ಬನ್ನಿ. ಎತ್ತಿಕೊಂಡು ನೋಡಿ."

ಸ್ಕ್ರೀನಿನಲ್ಲಿ ಮಾವ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿದ್ದರು.

ಮೊಮ್ಮಗನನ್ನು ಇನ್ನೂ ಮುಟ್ಟಿಯೇ ಇಲ್ಲದ ಅಜ್ಜನಿಗೆ, ನಾವು ಯಾವ ಬಲ್ಬ್ ಹಾಕಿದರೆ ತಾನೇ ಸಮಾಧಾನವಾದೀತು?