ಅಕ್ಕನ ಸೊಂಟದಿಂದ ಇಳಿದ ದಿನ

ನಾನು ಚಿಕ್ಕವನಿದ್ದಾಗ ಕಾಲಿದ್ದೂ ನಡೆಯದ ಹುಡುಗ. ಎಲ್ಲಿಗೆ ಹೋಗಬೇಕಾದರೂ ಅಕ್ಕನ ಎಡಸೊಂಟ ಏರಿ ಕೂಡುತ್ತಿದ್ದೆ. ಆಗ ನನಗೆ ನಾಲ್ಕು ವರ್ಷ, ಅಕ್ಕನಿಗೆ ಒಂಬತ್ತು. ನಗಬೇಡ್ರಿ ಮಕ್ಕಳಾ. ಐವತ್ತು ವರ್ಷದ ಹಿಂದಿನ ಮಾತಿದು, ಈಗ ನೆನೆದರೆ ನನಗೇ ಸುಸ್ತಾಗುತ್ತದೆ.

ನಮ್ಮ ಊರು ಕೊಟ್ಟೂರಿನ ಕಡೆ. ಬೆಳಗಾದರೆ ಅಪ್ಪ, ಅವ್ವ ಇಬ್ಬರೂ ಕೂಲಿಗೆ ಹೋಗುತ್ತಿದ್ದರು. ನನ್ನನ್ನು ನೋಡಿಕೊಳ್ಳುವ ಕೆಲಸ ಅಕ್ಕನದು. ಅವಳೋ ಮೂರನೇ ಕ್ಲಾಸು. ಅರ್ಧ ಹರದಾರಿ ದೂರದ ಚರ್ಚಿನ ಶಾಲೆಗೆ ಒಂದು ಹೆಗಲಿಗೆ ಪಾಟಿಚೀಲ ಹಾಕಿಕೊಂಡು, ಇನ್ನೊಂದು ಕಡೆ ನನ್ನನ್ನು ಹೊತ್ತು ನಡೆಯುತ್ತಿದ್ದಳು.

ಆ ಶಾಲೆಯಲ್ಲಿ ನನ್ನಂಥ ಚಿಕ್ಕವರಿಗೆಂದೇ ಒಂದು ಶಿಶುವರ್ಗ ಇತ್ತು. ಬೇವಿನ ಮರದ ಪಕ್ಕದ ಹಂಚಿನ ಕೋಣೆ ಅದು. ಅಲ್ಲಿ ಬೆತ್ತ ಇರಲಿಲ್ಲ. ಟೀಚರ್ ಕುರ್ಚಿ ಬಿಟ್ಟು ನಮ್ಮ ಜೊತೆ ನೆಲಕ್ಕೇ ಕೂಡುತ್ತಿದ್ದರು. ಬರೆಯಲು ತಟ್ಟೆ ತುಂಬ ಹಳ್ಳದ ಮರಳು, ಎಣಿಸಲು ಹುಣಸೆ ಬೀಜ. ಮಧ್ಯಾಹ್ನ ಬಿಸಿ ಉಪ್ಪಿಟ್ಟು ಉಂಡ ಮೇಲೆ ಎಲ್ಲರಿಗೂ ಈಚಲು ಚಾಪೆ ಹಾಸಿ ಒಂದು ತಾಸು ನಿದ್ದೆ ಮಾಡಿಸುತ್ತಿದ್ದರು. ಚಿಕ್ಕ ಮಕ್ಕಳು ಆಡಿ, ಉಂಡು, ಮಲಗಿದರೇನೇ ಕಲಿಯುತ್ತಾರೆ ಅಂತ ಟೀಚರ್ ಹೇಳುತ್ತಿದ್ದರು. ಅಪ್ಪನಿಗೆ ಇದು ಹಿಡಿಸಿರಲಿಲ್ಲ. “ಮಲಗಾಕ ಸಾಲಿ ಯಾಕ ಬೇಕು? ಮನ್ಯಾಗ ಜಾಗ ಇಲ್ಲೇನು?” ಅನ್ನುತ್ತಿದ್ದ.

ತಾಪತ್ರಯ ಏನೆಂದರೆ, ನಾನು ಅಕ್ಕನನ್ನು ಬಿಟ್ಟು ಕೂಡುತ್ತಿರಲಿಲ್ಲ. ಅವಳು ಬಾಗಿಲು ದಾಟಿದರೆ ಸಾಕು, ಗಂಟಲು ಹರಿಯುವ ಹಾಗೆ ಅಳುತ್ತಿದ್ದೆ. ಹೀಗಾಗಿ ಅವಳೂ ಎಂಟು ದಿನ ಶಿಶುವರ್ಗದಲ್ಲೇ ಕೂತಳು. ಅವಳ ಪಾಠವೆಲ್ಲ ಹಿಂದೆ ಬಿತ್ತು. ಅಪ್ಪ ಕಡ್ಡಿ ಮುರಿದಂತೆ ಹೇಳಿದ: “ನಾಳೆ ಒಂದಿನ ನೋಡ್ತೀನಿ. ಅವನು ಒಬ್ಬನ ಕುಂತ್ರ ನೀನು ಓದು. ಇಲ್ಲಾಂದ್ರ ಇಬ್ರೂ ಮನ್ಯಾಗ ಇರ್ರಿ.”

ಅಕ್ಕ ಒಂದು ಉಪಾಯ ಮಾಡಿದಳು. ಮರುದಿನ ನನ್ನನ್ನು ಎತ್ತಿಕೊಳ್ಳಲೇ ಇಲ್ಲ. ನಡೆದು ದಣಿದರೆ ಮಧ್ಯಾಹ್ನ ಚಾಪೆ ಮೇಲೆ ಬಿದ್ದ ಕೂಡಲೇ ಮಲಗುತ್ತಾನೆ, ತನ್ನನ್ನು ಹುಡುಕುವುದಿಲ್ಲ ಅಂತ ಅವಳ ಎಣಿಕೆ. ಕೆರೆ ಏರಿ ಮೇಲೆ ಬಿಸಿಲು, ಅಂಗಾಲಿಗೆ ಚುಚ್ಚುವ ಗರಸು, ಹೊಲದ ಬದುವಿನಲ್ಲಿ ಕಿತ್ತು ಒಟ್ಟಿದ ಶೇಂಗಾ ಬಳ್ಳಿಯ ಹಸಿ ವಾಸನೆ. ನಾನು ಎರಡು ಸಲ ದಾರಿಯಲ್ಲೇ ಕೂತೆ, ಮೂರು ಸಲ ಅತ್ತೆ. ಅವಳು ಮನಸ್ಸು ಕಲ್ಲು ಮಾಡಿಕೊಂಡು ಮುಂದೆ ಮುಂದೆ ನಡೆದಳು.

ಆದದ್ದು ಬೇರೆ. ಬೆಳಗಿನ ಪ್ರಾರ್ಥನೆ ಮುಗಿದು ಮರಳಿನ ತಟ್ಟೆ ಮುಂದೆ ಕೂತದ್ದೇ ತಡ, ನನ್ನ ತಲೆ ವಾಲಿತು. ಮರಳಿನಲ್ಲೇ ಮುಖವಿಟ್ಟು ಮಲಗಿಬಿಟ್ಟೆ. ಟೀಚರ್ ಎಬ್ಬಿಸಲಿಲ್ಲ, ತಟ್ಟೆ ಸರಿಸಿ ಒಂದು ಬಟ್ಟೆ ಮಡಚಿ ತಲೆಗಿಟ್ಟರಂತೆ. ಎಚ್ಚರಾದಾಗ ಉಪ್ಪಿಟ್ಟಿನ ಒಗ್ಗರಣೆ ವಾಸನೆ ಬರುತ್ತಿತ್ತು. ಹೊಟ್ಟೆ ತುಂಬ ಉಂಡೆ. ಆಮೇಲೆ ಎಲ್ಲರೂ ಚಾಪೆ ಮೇಲೆ ಮಲಗಿದರು, ನಾನೊಬ್ಬ ಕಣ್ಣು ಪಿಳಿಪಿಳಿ ಬಿಡುತ್ತಾ ಇದ್ದೆ. ಹಂಚಿನ ಸಂದಿಯ ಬಿಸಿಲು ನೋಡಿದೆ, ಗೋಡೆ ಮೇಲಿನ ನೊಣ ನೋಡಿದೆ, ಅಕ್ಕ ನೆನಪಾದಳು. ಮೆಲ್ಲಗೆ ಎದ್ದು ಹೊರಗೆ ಬಂದೆ.

ಮೂರನೇ ಕ್ಲಾಸಿನ ಬಾಗಿಲಲ್ಲಿ ನಿಂತು “ಅಕ್ಕಾ” ಅಂದೆ. ಅವಳು ತಿರುಗಿ ನೋಡಿದಳು. ಬೈಯಲಿಲ್ಲ. ಪಾಟಿ ಮೇಲೆ ಬರೆದದ್ದನ್ನು ಅಂಗೈಯಿಂದ ಒರೆಸಿದಳು. ಪಾಟಿಯನ್ನು ಚೀಲಕ್ಕೆ ಹಾಕಿದಳು, ಬಳಪ ಹುಡುಕಿ ಅದನ್ನೂ ಹಾಕಿದಳು. ಎದ್ದು ಬಂದು ನನ್ನ ಮುಂದೆ ಬಗ್ಗಿ ಎಡಸೊಂಟ ಕೊಟ್ಟಳು. ತನ್ನ ಓದು ಇಲ್ಲಿಗೆ ಮುಗಿಯಿತು ಅಂತ ಅವಳಿಗೆ ಗೊತ್ತಿತ್ತು. ನಾನು ಖುಷಿಯಿಂದ ಏರಿ ಕೂತೆ. ಆ ಖುಷಿ ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ.

ಅಷ್ಟರಲ್ಲಿ ನಮ್ಮ ಟೀಚರ್ ಬಂದರು, ಕೈಯಲ್ಲಿ ನನ್ನ ಚಾಪೆ. “ಇಳಿಸವ್ವ ಅವನ್ನ,” ಅಂದರು.

“ಇವನು ಒಬ್ಬನ ಕುಂದ್ರಂಗಿಲ್ರಿ ಟೀಚರ್. ಅಪ್ಪ ಇನ್ನ ಸಾಲಿ ಬ್ಯಾಡ ಅಂತಾನ,” ಅಂದಳು ಅಕ್ಕ. ಅವಳ ದನಿ ಅಷ್ಟು ಸೋತಿದ್ದನ್ನು ನಾನು ಮೊದಲು ಕೇಳಿರಲಿಲ್ಲ.

ಟೀಚರ್ ನನ್ನನ್ನು ತಾವೇ ಇಳಿಸಿಕೊಂಡು, ಅದೇ ಬಾಗಿಲ ಹೊರಗೆ ಕಟ್ಟೆಯ ಮೇಲೆ ನೆರಳಲ್ಲಿ ಚಾಪೆ ಹಾಸಿದರು. ಒಳಗಿದ್ದ ಮೇಷ್ಟ್ರಿಗೆ ಹೇಳಿ ಅಕ್ಕನ ಕೈಗೆ ಪುಸ್ತಕ ಕೊಡಿಸಿದರು. “ನೀ ಒಳಗ ಕುಂತು ಜೋರಾಗಿ ಓದು. ನಿನ್ನ ದನಿ ಕೇಳಿದ್ರ ಅವನಿಗೆ ಸಾಕು.”

ಅಕ್ಕ ಓದಿದಳು. ಎಂಟು ದಿನ ತಪ್ಪಿದ ಪಾಠ, ಒಂದೊಂದೇ ಸಾಲಿಗೆ ಬೆರಳಿಟ್ಟು ತಡವರಿಸುತ್ತಾ ಓದಿದಳು. ಅವಳು ನಿಲ್ಲಿಸಿದಾಗಲೆಲ್ಲ ನಾನು ತಲೆ ಎತ್ತುತ್ತಿದ್ದೆ, ಮತ್ತೆ ಶುರುಮಾಡಿದರೆ ಮಲಗುತ್ತಿದ್ದೆ. ಯಾವಾಗ ನಿದ್ದೆ ಹತ್ತಿತೋ, ಶಾಲೆ ಬಿಡುವ ಗಂಟೆ ಹೊಡೆದಾಗಲೇ ಎದ್ದದ್ದು. ಸಂಜೆ ಅಪ್ಪ ಕೇಳಿದಾಗ ಅಕ್ಕ “ಕುಂತಿದ್ದ” ಅಂದಳು. ಅಪ್ಪ ಕಾಲು ತೊಳೆಯಲು ಹೋದ.

ಆ ವರ್ಷವೆಲ್ಲ ನನ್ನ ಚಾಪೆ ಆ ಬಾಗಿಲ ಹತ್ತಿರವೇ ಇತ್ತು. ಅಕ್ಕ ಏಳನೇ ತನಕ ಓದಿದಳು, ಆಮೇಲೆ ಅವ್ವನ ಜೊತೆ ಕೂಲಿಗೆ ಹೋದಳು. ಮುಂದೆ ಓದಿ ನೌಕರಿ ಹಿಡಿದವನು ನಾನು.

ಈಗ ನಿಮ್ಮ ಶಾಲೆಯ ವ್ಯಾನು ಮನೆ ಬಾಗಿಲಿಗೇ ಬರುತ್ತದೆ. ನೀವು ನಡೆಯುವುದಿಲ್ಲ, ಆದರೂ ದಣಿದೇ ಬರುತ್ತೀರಿ. ನಿಮ್ಮ ಚೀಲ ಎತ್ತಿದರೆ ನನ್ನ ಕೈ ಜಗ್ಗುತ್ತದೆ. ಮರಳಿನ ತಟ್ಟೆಯೂ ಇಲ್ಲ, ಚಾಪೆಯೂ ಇಲ್ಲ. ಹೋಂವರ್ಕ್ ಮೇಲೆಯೇ ತೂಕಡಿಸುತ್ತೀರಿ, ನಾವು ಎಬ್ಬಿಸಿ ಕೂರಿಸುತ್ತೇವೆ. ನನ್ನ ಈ ಅಕ್ಕ, ನಿಮ್ಮ ದೊಡ್ಡಜ್ಜಿ, ಯಾಕೆ ಎಡಕ್ಕೆ ವಾಲಿ ನಡೆಯುತ್ತಾಳೆ ಅಂತ ಕೇಳಿದ್ರಲ್ಲ, ಅದಕ್ಕೇ ಇಷ್ಟು ಹೇಳಿದೆ. ಮೊನ್ನೆ ಅವಳು ಬಂದಾಗ ನಿಮ್ಮ ಕನ್ನಡ ಪುಸ್ತಕ ತೆಗೆದು, ಸಾಲಿಗೆ ಬೆರಳಿಟ್ಟು ಜೋರಾಗಿ ಓದಿದಳು. ನೀವು ಕೂತು ಕೇಳಿದಿರಿ. ಗೋಡೆಗೆ ಒರಗಿದ್ದ ನಾನು ಮಲಗಿಬಿಟ್ಟೆ.