ಎಂಬತ್ತೆರಡು ಡಿಗ್ರಿಯ ಥರ್ಮೋಸ್ಟಾಟ್

ಪೆನ್ನು ಹುಡುಕಲು ಮೇಜಿನ ಡ್ರಾಯರ್ ತೆಗೆದರೆ ಹೊಸ ಹಿತ್ತಾಳೆಯ ವಾಸನೆ. ಅಲ್ಲಿದ್ದದ್ದು ನಾನು ಬಳಸದೆ ಉಳಿಸಿದ ಎಪ್ಪತ್ತನಾಲ್ಕು ಡಿಗ್ರಿಯ ಥರ್ಮೋಸ್ಟಾಟ್. ಇದನ್ನು ಹಾಕಲೋ, ಎಂಬತ್ತೆರಡರದ್ದನ್ನು ಹಾಕಲೋ ಎಂದು ನಾನು ಒದ್ದಾಡಿದ್ದನ್ನು ಕಂಡು, ಹೆಣ್ಣು ನೋಡಲು ಬಂದಾಗಲೂ ಇಷ್ಟು ಯೋಚಿಸಿರಲಿಲ್ಲ ಎಂದು ಹೆಂಡತಿ ನಕ್ಕಿದ್ದಳು.

ಹಳೆಯ ಕಾರು ಸಾಕದವರಿಗಾಗಿ ಹೇಳುತ್ತೇನೆ. ಥರ್ಮೋಸ್ಟಾಟ್ ಎಂದರೆ ಎಂಜಿನ್ನಿಗೂ ರೇಡಿಯೇಟರಿಗೂ ನಡುವಿನ ಪುಟ್ಟ ಬಾಗಿಲು. ಎಂಜಿನ್ ಹದವಾಗಿ ಕಾಯುವವರೆಗೆ ಮುಚ್ಚಿಕೊಂಡಿದ್ದು, ಆಮೇಲೆ ತೆರೆದು ನೀರನ್ನು ತಣ್ಣಗಾಗಲು ಬಿಡುತ್ತದೆ. ನನ್ನ ಕಾರಿನಲ್ಲಿ ಅದು ಇರಲೇ ಇಲ್ಲ. ಚಳಿಗಾಲದ ಬೆಳಿಗ್ಗೆ ತುಮಕೂರು ದಾಟುವವರೆಗೂ ಎಂಜಿನ್ ಕೆಮ್ಮುತ್ತಿತ್ತು. ಪೆಟ್ರೋಲು ಕುಡಿಯುವುದರಲ್ಲಿ ಮಾತ್ರ ಯಾವ ಸಂಕೋಚವೂ ಇರಲಿಲ್ಲ.

ಕಾರು ನನಗೆ ಬಂದದ್ದು ಸೋದರತ್ತೆ ಸರೋಜಮ್ಮನವರಿಂದ. ಗುಬ್ಬಿಯಲ್ಲಿ ನರ್ಸಾಗಿದ್ದ ಕಾಲದಲ್ಲಿ ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸಿ ತಾವೇ ಓಡಿಸುತ್ತಿದ್ದರು. ಈಗ ಎಂಬತ್ತು ದಾಟಿ ಕುಣಿಗಲ್‌ನಲ್ಲಿದ್ದಾರೆ. ಎರಡೂ ಥರ್ಮೋಸ್ಟಾಟಿನ ಡಬ್ಬಿ ಹಿಡಿದು, ಜಾಣತನ ಮೆರೆಯಲೆಂದೇ ಅವರ ಮನೆಗೆ ಹೋದೆ.

"ಇದನ್ನ ಕಿತ್ತಾಕ್ಸಿದ್ದೇ ನಾನು ಕಣೋ" ಎಂದರು.

ಆಮೇಲೆ, ಕಾಫಿ ಲೋಟ ಕೆಳಗಿಟ್ಟು, ಎಂದೂ ಹೇಳದ್ದನ್ನು ಹೇಳಿದರು. ಕಡಬದ ಗೌರಮ್ಮ ಎಂಬಾಕೆಗೆ ಚೊಚ್ಚಲ ಹೆರಿಗೆ ಕಷ್ಟವಾಗಿತ್ತು. ಕಾರಿನಲ್ಲಿ ಮಲಗಿಸಿಕೊಂಡು ತುಮಕೂರಿನ ಆಸ್ಪತ್ರೆಗೆ ಹೊರಟರೆ, ಗುಬ್ಬಿ ದಾಟುತ್ತಲೇ ರೇಡಿಯೇಟರ್ ಕುದಿದು ಕಾರು ನಿಂತಿತು. ಥರ್ಮೋಸ್ಟಾಟ್ ಮುಚ್ಚಿದ್ದು ತೆರೆದಿರಲಿಲ್ಲ. ಲಾರಿಯೊಂದು ಸಿಕ್ಕಿ ಆಸ್ಪತ್ರೆ ಮುಟ್ಟಿದಾಗ ತಾಯಿ ಉಳಿದಳು. ಮಗು ಉಳಿಯಲಿಲ್ಲ.

"ಬೇಗ ಬಂದಿದ್ರೂ ಉಳೀತಿರ್ಲಿಲ್ಲ ಅಂದ್ರು ಡಾಕ್ಟ್ರು. ಅವ್ರು ಹೇಳಿದ್ರು, ನಾನು ಕೇಳಿಸ್ಕೊಂಡೆ, ಅಷ್ಟೇ. ಆಮೇಲೆ ಕಡಬದ ಕಡೆ ತಲೆ ಹಾಕ್ಲಿಲ್ಲ."

ನನ್ನ ಜಾಣತನವೆಲ್ಲ ಇಳಿದುಹೋಯಿತು. ಡಬ್ಬಿಗಳನ್ನು ಜೇಬಿಗೆ ಸೇರಿಸಹೊರಟೆ. ಅತ್ತೆ ಕೈ ಹಿಡಿದರು.

"ಇರ್ಲಿ. ಅದು ತೆರ್ಕೊಳ್ಳೋದನ್ನ ನಾನು ನೋಡೇ ಇಲ್ಲ. ತೋರ್ಸು."

ಪಾತ್ರೆಯಲ್ಲಿ ನೀರು ಕಾಯಲಿಟ್ಟು, ಎರಡನ್ನೂ ದಾರದಲ್ಲಿ ಇಳಿಬಿಟ್ಟೆ. ಎಪ್ಪತ್ತನಾಲ್ಕರದ್ದು ಮೊದಲು ಬಾಯಿ ಬಿಟ್ಟಿತು. ಸ್ವಲ್ಪ ಹೊತ್ತಿಗೆ ಇನ್ನೊಂದೂ ಸದ್ದಿಲ್ಲದೆ ತೆರೆಯಿತು. ಅತ್ತೆ ಒಲೆಯ ಮುಂದೆ ಕದಲದೆ ನಿಂತಿದ್ದರು.

"ಬೇಗ ತೆರ್ಕೊಳ್ಳೋದನ್ನೇ ಹಾಕ್ಲಾ ಅತ್ತೆ? ನಿಮಗೂ ಧೈರ್ಯ."

"ನನ್ ಧೈರ್ಯ ಬುಡು. ಎಂಜಿನ್‌ಗೆ ಯಾವ್ದು ಒಳ್ಳೇದು?"

"ಎಂಬತ್ತೆರಡು."

"ಅದನ್ನೇ ಹಾಕು. ಹಾಕಿದ್ಮೇಲೆ ನನ್ನ ಕಡಬಕ್ಕೆ ಕರ್ಕೊಂಡ್ ಹೋಗು."

ಹಾಗೇ ಮಾಡಿದೆ. ದಾರಿಯುದ್ದಕ್ಕೂ ಅತ್ತೆಯ ಕಣ್ಣು ಎಂಜಿನ್ ಬಿಸಿ ತೋರಿಸುವ ಮುಳ್ಳಿನ ಮೇಲೆ; ಅದು ನಡುವಿಗೆ ಬಂದು ಅಲ್ಲೇ ನಿಂತಿತ್ತು. ಕಡಬದಲ್ಲಿ ವಿಚಾರಿಸಿ ಮನೆ ಹುಡುಕಿದೆವು. ತೆಂಗಿನಕಾಯಿ ರಾಶಿಯ ಪಕ್ಕ ಕೂತಿದ್ದ ಗೌರಮ್ಮ ಹಣೆಗೆ ಕೈ ಅಡ್ಡ ಹಿಡಿದು ನೋಡಿ, ಎದ್ದು ಬಂದು ಅತ್ತೆಯ ಎರಡೂ ಕೈ ಹಿಡಿದುಕೊಂಡರು.

"ಎಲ್ಲೋಗಿದ್ರಿ ಅಮ್ಮ ಇಷ್ಟ್ ವರ್ಷ? ಆ ದಿನ ನನ್ ಜೊತೆ ಇದ್ದೋರು ನೀವೊಬ್ರೇ. ಮಗೀಗೆ ಒಂದು ಹೆಸ್ರು ಇಟ್ಕೊಂಡಿದ್ದೆ. ಯಾರೂ ಕೇಳ್ಲೇ ಇಲ್ಲ."

"ಹೇಳು" ಎಂದರು ಅತ್ತೆ.

ನಾನು ಅಲ್ಲಿಂದ ಸರಿದು ಕೆರೆಯ ಏರಿಯ ಕಡೆ ನಡೆದೆ. ಆ ಹೆಸರು ನನಗೆ ಗೊತ್ತಿಲ್ಲ. ಅತ್ತೆಯೂ ಹೇಳಿಲ್ಲ, ನಾನೂ ಕೇಳಿಲ್ಲ. ಈಗ ಅವರು ಫೋನ್ ಮಾಡಿದರೆ ಕಾರು ಹೇಗಿದೆ ಎನ್ನುವುದಿಲ್ಲ. "ಭಾನುವಾರ ಬಿಡುವಿದ್ಯೇನೋ? ಗೌರೀನ ನೋಡ್ಕೊಂಡ್ ಬರಾಣ" ಎನ್ನುತ್ತಾರೆ.